ಎರಡಕ್ಷರದ ಬೀಗ ತೆಗೆದ ಜೇಮ್ಸ್ ಪ್ರಿನ್ಸೆಪ್

ಎಂಜಿನಿಯರಿಂಗ್ ಓದುವ ನಮ್ಮ ಬದುಕು ನಡೆಯೋದೇ ಚುಟುಕಕ್ಷರಗಳ ಮೇಲೆ. ಪಿ.ಸಿ.ಬಿ., ಐ.ಸಿ., ಎಲ್.ಇ.ಡಿ. ಅಂತ ದಿನವಿಡೀ ಅಂತೀವಿ. ವೈವಾದಲ್ಲಿ ಬಿಡಿಸಿ ಹೇಳಿ ಅಂದರೆ ಅರ್ಧ ಜನ ತಲೆ ಕೆರ್ಕೋತೀವಿ. ಮದುವೆ ಪತ್ರಿಕೆಯಲ್ಲಿ ‘ಚಿ||’ ಅಂದರೆ ಚಿರಂಜೀವಿ ಅಂತ ಮಾತ್ರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹಾಗೆ ಗೊತ್ತಿರೋರು ಒಬ್ಬರೂ ಉಳಿಯದೇ ಹೋದರೆ?

ಹಳೇ ಈಜಿಪ್ಟಿನಲ್ಲಿ ರಾಜನ ಹೆಸರಾದ ಮೇಲೆ ಮೂರು ಸಣ್ಣ ಚಿಹ್ನೆ ಬರೀತಿದ್ದರು. ಅಂಖ್, ವೆಜಾ, ಸೆನೆಬ್ ಅನ್ನೋ ಪದಗಳ ಚುಟುಕು ಅದು: ಬಾಳಲಿ, ಏಳಿಗೆಯಾಗಲಿ, ಆರೋಗ್ಯವಿರಲಿ. ಇಂಗ್ಲಿಷಿಗೆ ತರುವವರು ಅದನ್ನೂ ಎಲ್.ಪಿ.ಎಚ್. ಅಂತ ಚುಟುಕಾಗೇ ಬರೀತಾರೆ. ಲೈಫ್, ಪ್ರಾಸ್ಪೆರಿಟಿ, ಹೆಲ್ತ್. ನಮ್ಮ ಚಿ|| ಇದ್ದ ಹಾಗೇ. ಆದರೂ ಸುಮಾರು 1400 ವರ್ಷ ಆ ಬರಹ ಓದಬಲ್ಲವರು ಭೂಮಿ ಮೇಲೆ ಇರಲಿಲ್ಲ.

ಇಂಥದ್ದೇ ಕಥೆ ನಮ್ಮೂರ ಆಚೀಚೆಯೂ ನಡೆದಿದೆ. ನಮ್ಮ ತಾವರಗೇರಾದ ಒಂದು ಕಡೆ ಮಸ್ಕಿ, ಇನ್ನೊಂದು ಕಡೆ ಕೊಪ್ಪಳ. ಎರಡೂ ಕಡೆ ಬಂಡೆ ಮೇಲೆ ಅಶೋಕನ ಬ್ರಾಹ್ಮಿ ಶಾಸನಗಳಿವೆ. ದನ ಕಾಯೋರು ನೋಡಿದ್ದರು, ದಾರಿಹೋಕರು ನೋಡಿದ್ದರು, ಓದಿದವರಿಲ್ಲ. ಆ ಲಿಪಿಯ ಬೀಗ ತೆಗೆದವರು ಒಬ್ಬ ನಾಣ್ಯ ಪರೀಕ್ಷಕರು.

ಜೇಮ್ಸ್ ಪ್ರಿನ್ಸೆಪ್ ಹುಟ್ಟಿದ್ದು 1799ರ ಆಗಸ್ಟ್ 20ರಂದು. ಈಜಿಪ್ಟಿನ ಬೀಗದ ಕೈ ಆದ ರೊಸೆಟ್ಟಾ ಕಲ್ಲು ಸಿಕ್ಕಿದ್ದೂ ಅದೇ ವರ್ಷ. ವಾಸ್ತುಶಿಲ್ಪ ಕಲಿಯೋ ಆಸೆಗೆ ಕಣ್ಣಿನ ತೊಂದರೆ ಅಡ್ಡ ಬಂತು. ಹಾಗಾಗಿ ಲೋಹ ಪರೀಕ್ಷೆ ಕಲಿತು 1819ರಲ್ಲಿ ಕಲ್ಕತ್ತಾಕ್ಕೆ ಬಂದರು. ಮುಂದೆ ಬನಾರಸ್ ಟಂಕಸಾಲೆಯಲ್ಲಿ ಹತ್ತು ವರ್ಷ. ಅಲ್ಲಿ ಕೊಳಚೆ ನೀರು ಹೋಗಲು ಸುರಂಗ ತೋಡಿಸಿದರು, ಕರ್ಮನಾಶಾ ನದಿಗೆ ಸೇತುವೆ ಕಟ್ಟಿಸಿದರು, ಊರಿನ ನಕ್ಷೆ ಬರೆದರು. ಒಂದು ಗ್ರೇನಿನ ಸಾವಿರದ ಮೂರು ಪಾಲು, ಅಂದರೆ ಸುಮಾರು 0.19 ಮಿಲಿಗ್ರಾಂ ವ್ಯತ್ಯಾಸ ಹಿಡಿಯುವ ತಕ್ಕಡಿ ಮಾಡಿದರು. 1828ರಲ್ಲಿ ಹೆಸರಿನ ಮುಂದೆ ಎಫ್.ಆರ್.ಎಸ್. ಸೇರಿತು, ಫೆಲೋ ಆಫ್ ದಿ ರಾಯಲ್ ಸೊಸೈಟಿ.

1832ರಿಂದ ಕಲ್ಕತ್ತಾದಲ್ಲಿ ಹಗಲು ಟಂಕಸಾಲೆ ಕೆಲಸ, ಉಳಿದ ಹೊತ್ತು ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿ. ದೇಶದ ಮೂಲೆಮೂಲೆಯಿಂದ ಶಾಸನದ ನಕಲು, ಹಳೇ ನಾಣ್ಯ ಅವರ ಮೇಜಿಗೆ ಬರ್ತಿದ್ದವು. ರೊಸೆಟ್ಟಾದಂಥ ದೊಡ್ಡ ಕಲ್ಲು ಇಲ್ಲಿ ಇರಲಿಲ್ಲ. ಜರ್ಮನಿಯ ಲಾಸನ್ 1836ರಲ್ಲಿ ಎರಡು ಲಿಪಿಯ ನಾಣ್ಯದಿಂದ ಒಬ್ಬ ಗ್ರೀಕ್ ರಾಜನ ಹೆಸರು ಓದಿದ್ದರು, ಅಷ್ಟೇ.

1837ರಲ್ಲಿ ಸಾಂಚಿ ಸ್ತೂಪದ ಕಲ್ಲುಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳ ನಕಲು ಬಂತು. ಬೇರೆಬೇರೆ ಸಾಲು, ಕೊನೆಗೆ ಮಾತ್ರ ಅವೇ ಎರಡು ಅಕ್ಷರ, ಒಂದು ಚುಕ್ಕೆ. ಪ್ರಿನ್ಸೆಪ್ ಯೋಚಿಸಿದ್ದು ನಮ್ಮಂಥವರ ಹಾಗೇ. ಗುಡಿಯ ಕಲ್ಲಿನ ಮೇಲೆ ಜನ ಏನು ಬರೆಸ್ತಾರೆ? ಇಂಥವರು ಕೊಟ್ಟದ್ದು ಅಂತ. ಹಾಗಾದರೆ ಕೊನೆಯ ಪದ ದಾನಂ! ದ, ನ, ಅನುಸ್ವಾರ ಕೈಗೆ ಸಿಕ್ಕವು. ಉಳಿದ ಅಕ್ಷರಗಳು ಒಂದೊಂದಾಗಿ ಬಿಚ್ಚಿಕೊಂಡವು. ದಿಲ್ಲಿಯ ಕಂಬ ಓದಿದಾಗ ದೇವಾನಂಪಿಯ ಪಿಯದಸಿ ಅನ್ನೋ ರಾಜ ಸಿಕ್ಕ. ಮೊದಲು ಇವನು ಸಿಂಹಳದವನು ಅಂದುಕೊಂಡರು. ಅಲ್ಲಿದ್ದ ಟರ್ನರ್ ಪಾಲಿ ಗ್ರಂಥ ನೋಡಿ, ಅಲ್ಲ, ಇವನು ಅಶೋಕ ಅಂತ ತೋರಿಸಿಕೊಟ್ಟರು. ಪ್ರಿನ್ಸೆಪ್ ತಪ್ಪು ತಿದ್ದಿಕೊಂಡರು.

1838ರಲ್ಲಿ ಗಿರನಾರದ ಬಂಡೆಯಲ್ಲಿ ತುರಮಾಯ ಅನ್ನೋ ಹೆಸರು ಎದುರಾಯ್ತು. ಅದು ಈಜಿಪ್ಟಿನ ಟಾಲೆಮಿ! ಅದೇ ವಂಶದ ಇನ್ನೊಬ್ಬ ಟಾಲೆಮಿಯ ಹೆಸರು ಹಿಡಿದೇ ಶಾಂಪೊಲಿಯನ್ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿ ಬಿಡಿಸಿದ್ದರು. ಇಲ್ಲಿ ಆ ಹೆಸರಿನಿಂದ ಅಶೋಕನ ಕಾಲ ಗಟ್ಟಿಯಾಯ್ತು.

ಆದರೆ ದೇಹ ಸೋತಿತ್ತು. ವಿಪರೀತ ತಲೆನೋವು, ಕೊನೆಗೆ ಮಿದುಳಿನ ಕಾಯಿಲೆ. 1838ರಲ್ಲೇ ಹಡಗು ಹತ್ತಿದವರು ತಿರುಗಿ ಬರಲಿಲ್ಲ. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು ಬರೀ 40. ಕಲ್ಕತ್ತಾದ ಜನ ಹೂಗ್ಲಿ ದಂಡೆಯಲ್ಲಿ ಅವರ ಹೆಸರಿನ ಘಾಟು ಕಟ್ಟಿಸಿದರು.

ನಮ್ಮ ಕಡೆಯ ಬಂಡೆಗಳು ಅವರಿಗೆ ಗೊತ್ತೇ ಇರಲಿಲ್ಲ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಶಾಸನ ಕಂಡರು. ಅದರಲ್ಲಿ ದೇವಾನಂಪಿಯ ಪಕ್ಕದಲ್ಲೇ ಅಶೋಕ ಅಂತ ಹೆಸರಿತ್ತು. ಪಿಯದಸಿಯೇ ಅಶೋಕ ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು.

ನಾವು ಗವಿಮಠದ ಜಾತ್ರೆಗೆ ಎಷ್ಟು ಸಲ ಹೋಗಿದ್ದೀವೋ ಲೆಕ್ಕವಿಲ್ಲ. ಮಿರ್ಚಿ ತಿಂದು, ತೇರು ಎಳೆದು ಬಂದೆವೇ ಹೊರತು ಗುಡ್ಡ ಹತ್ತಿ ಆ ಬಂಡೆ ನೋಡಲಿಲ್ಲ. ಈ ಸಲ ಹತ್ತಬೇಕು ಅಂತ ಮಾತಾಗಿದೆ. ಬರೋರು ಬರ್ರಿ. ಎರಡು ಅಕ್ಷರ ಈಗಲೇ ಕಲಿತಿಟ್ಕೊಳ್ರಿ: ತಲೆಕೆಳಗಾದ ಇಂಗ್ಲಿಷ್ ಟಿ ಕಂಡರೆ ಅದು ನ, ಕೂಡಿಸುವ ಚಿಹ್ನೆ ಕಂಡರೆ ಅದು ಕ.