ಬ್ಯಾಂಕ್ ಕಟ್ಟಿ, ಕಾರ್ ಕಟ್ಟಲು ಹೊರಟ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ಎಲ್ಲ ಎಂಜಿನಿಯರಿಂಗ್ ಕಾಲೇಜಿನಲ್ಲೂ ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೋಗೆ ಹಾರ ಬೀಳುತ್ತೆ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತೆ, ಭದ್ರಾವತಿ ಬರುತ್ತೆ, ಪೇಟ ಕಟ್ಟಿದ ಶಿಸ್ತು ಬರುತ್ತೆ. ಅವರು ಒಂದು ಬ್ಯಾಂಕ್ ಹುಟ್ಟುಹಾಕಿದ್ದು, ಎಪ್ಪತ್ತು ದಾಟಿದ ಮೇಲೆ ಮೋಟಾರ್ ಕಾರ್ಖಾನೆಗಾಗಿ ದೇಶ ದೇಶ ಸುತ್ತಿದ್ದು ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತೆ. ನನಗೆ ಅವರ ಬದುಕಿನಲ್ಲಿ ಹೆಚ್ಚು ಹಿಡಿಸಿದ್ದು ಈ ಎರಡೇ. ಯಾಕಂದ್ರೆ ನಮ್ಮ ದಬ್ಬೇಘಟ್ಟ ಕಡೆ ಈಗ ಯಾವ ಜಗಲಿ ಮೇಲೆ ಕೂತರೂ ಕೊಬ್ಬರಿ ರೇಟು ಆದ ಮೇಲೆ ಬರೋ ಮಾತು ಕಾರು ಮತ್ತು ಕಾರ್ ಲೋನು.

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿದರು. 1881ರಲ್ಲಿ ಬಿ.ಎ. ಆಯಿತು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್.

ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದರು. ಪುಣೆ ಹತ್ತಿರದ ಖಡಕವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಹಾಕಿದ ಸ್ವಯಂಚಾಲಿತ ಗೇಟುಗಳು ಆ ಕಾಲದವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸೋ ಉಪಾಯ ಅದು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದಾಗ ನಿಜಾಮರ ಸರ್ಕಾರ ಇವರನ್ನೇ ಕರೆಸಿತು. 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು.

ಇಲ್ಲಿಂದ ಮುಂದೆ ಅವರು ಬರೀ ಕಲ್ಲು ಗಾರೆಯ ಎಂಜಿನಿಯರ್ ಆಗಿ ಉಳಿಯಲಿಲ್ಲ. ಸಂಸ್ಥಾನದಲ್ಲಿ ಆಗ ವ್ಯಾಪಾರ, ಕೈಗಾರಿಕೆ ಮಾಡ್ತೀನಿ ಅನ್ನೋನಿಗೆ ಸಾಲ ಸಿಗೋದೇ ಕಷ್ಟ ಇತ್ತು. ಸಾಹುಕಾರರ ಮನೆ ಬಾಗಿಲಿಗೆ ಹೋಗಬೇಕು, ಅವರು ಹೇಳಿದ ಬಡ್ಡಿಗೆ ಒಪ್ಪಬೇಕು. ವಿಶ್ವೇಶ್ವರಯ್ಯನವರ ಮುಂದಾಳ್ತನದ ಬ್ಯಾಂಕಿಂಗ್ ಸಮಿತಿಯ ಸಲಹೆಯಂತೆ 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರು ಶುರುವಾಯಿತು. ಸಾಲ ಅನ್ನೋದು ಕಾಗದದ ಮೇಲೆ, ಲೆಕ್ಕದ ಪ್ರಕಾರ, ಎಲ್ಲರಿಗೂ ಗೊತ್ತಿರೋ ಬಡ್ಡಿಗೆ ಸಿಗಬೇಕು ಅನ್ನೋದು ಇದರ ಹಿಂದಿದ್ದ ಆಲೋಚನೆ.

ಸಾಲವನ್ನು ಅವರು ಹೇಗೆ ನೋಡುತ್ತಿದ್ದರು ಅನ್ನೋದಕ್ಕೆ ಕನ್ನಂಬಾಡಿಯೇ ಉದಾಹರಣೆ. 1911ರಲ್ಲಿ ಕೆಲಸ ಶುರುವಾಗೋ ಮುಂಚೆ ಇಷ್ಟು ದುಡ್ಡು ಸುರಿಯಬೇಕಾ ಅಂತ ದೊಡ್ಡ ಚರ್ಚೆ ನಡೆಯಿತು. ಕಟ್ಟೆ ಕಟ್ಟಿದರೆ ಶಿವನಸಮುದ್ರಕ್ಕೆ ವರ್ಷಪೂರ್ತಿ ನೀರು ಸಿಗುತ್ತೆ, ಅಲ್ಲಿನ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತೆ, ಆ ಆದಾಯ ಮತ್ತು ನೀರಾವರಿ ಆದಾಯ ಸೇರಿ ಹಾಕಿದ ಹಣ ವಾಪಸ್ ಬರುತ್ತೆ ಅನ್ನೋದು ಅವರ ವಾದ. ಅಂದ್ರೆ ಎಷ್ಟು ಖರ್ಚು ಅನ್ನೋದರ ಜೊತೆಗೆ ಯಾವಾಗ, ಎಲ್ಲಿಂದ ವಾಪಸ್ ಅನ್ನೋದೂ ಎಸ್ಟಿಮೇಟಿನಲ್ಲೇ ಇರುತ್ತಿತ್ತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡೋ ವಿಷಯದಲ್ಲಿ ಮಹಾರಾಜರಿಗೂ ಇವರಿಗೂ ಅಭಿಪ್ರಾಯ ಭೇದ ಬಂತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಆ ವರ್ಷದ ಕೊನೆಗೆ ಇವರು ದಿವಾನಗಿರಿ ಬಿಟ್ಟರು. ಆ ವಿಷಯದಲ್ಲಿ ಇತಿಹಾಸ ಮಹಾರಾಜರ ಕಡೆಗೇ ವಾಲಿತು ಅಂತ ನನಗನಿಸುತ್ತೆ. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ಸ್ವಂತ ಕಾರಿನಲ್ಲಿ ವಾಪಸ್ ಬಂದರು ಅನ್ನೋ ಕಥೆಯನ್ನು ಇವತ್ತಿಗೂ ಜನ ಹೇಳ್ತಾರೆ.

ಮುಂದೆ 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ನೋಡಿಕೊಂಡರು. ಕಬ್ಬಿಣ ಆಯಿತು, ಮುಂದಿನದು ಕಾರು. 1935ರಲ್ಲಿ, ಎಪ್ಪತ್ತು ದಾಟಿದ ಮುದುಕ, ಯೂರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಮರುವರ್ಷ ಭಾರತದಲ್ಲೇ ಕಾರು ತಯಾರಿಸೋ ಯೋಜನೆ ಬರೆದಿಟ್ಟರು. ಆಗ ಇಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರಗಿನವು. ಜನರಲ್ ಮೋಟಾರ್ಸ್ 1928ರಿಂದ ಬೊಂಬಾಯಿಯಲ್ಲಿ ಷೆವರ್ಲೆ ಜೋಡಿಸುತ್ತಿತ್ತು, ಆದರೆ ಅದು ಬಿಡಿಭಾಗ ತರಿಸಿ ಜೋಡಿಸೋ ಕೆಲಸ ಅಷ್ಟೇ. ವಿಶ್ವೇಶ್ವರಯ್ಯನವರ ಯೋಜನೆಗೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅವರ ಜೊತೆ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದ್ ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಹಳೇ ಸಿನಿಮಾಗಳಲ್ಲಿ ಕಾಣೋ ಪ್ರೀಮಿಯರ್ ಪದ್ಮಿನಿ ಆ ಕಂಪನಿಯದೇ.

ಇವರು ಅಮೆರಿಕಕ್ಕೆ ಹೋದ ಆ 1935ರ ಹೊತ್ತಿಗೇ ಅಲ್ಲಿ ಇನ್ನೊಂದು ತಮಾಷೆ ನಡೀತಿತ್ತು. ಜನರಲ್ ಮೋಟಾರ್ಸ್ 1919ರಲ್ಲೇ ಕಾರು ಕೊಳ್ಳೋರಿಗೆ ಸಾಲ ಕೊಡೋಕೆ ತನ್ನದೇ ಫೈನಾನ್ಸ್ ಕಂಪನಿ ಮಾಡಿತ್ತು. ಈಗ ಶೇ. 6ರ ಪ್ಲಾನ್ ಅಂತ ಜಾಹೀರಾತು ಹಾಕಿತು. ಕೇಳಿದವರು ಬಡ್ಡಿ ಆರೇ ಅಂದುಕೊಂಡರು. ಆದರೆ ಆ ಆರನ್ನು ಹಾಕುತ್ತಿದ್ದದ್ದು ಮೊದಲು ತಗೊಂಡ ಪೂರ್ತಿ ಸಾಲದ ಮೇಲೆ, ಪ್ರತಿ ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿ ಇಳಿಯುತ್ತಿರಲಿಲ್ಲ. ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಶೇ. 11ರ ಮೇಲೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಈ ಜಾಹೀರಾತು ಜನರನ್ನು ದಾರಿತಪ್ಪಿಸುತ್ತೆ ಅಂತ ತೀರ್ಮಾನಿಸಿತು, 1940ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಇದೇ ಫ್ಲಾಟ್ ರೇಟು. ಈಗಲೂ ಇದೆ. ಉದಾಹರಣೆಗೆ 6 ಲಕ್ಷ ಸಾಲ, 5 ವರ್ಷ, ಫ್ಲಾಟ್ ಶೇ. 7. ವರ್ಷಕ್ಕೆ 42,000ದಂತೆ ಬಡ್ಡಿ 2,10,000. ಕಂತು ತಿಂಗಳಿಗೆ 13,500. ಪಕ್ಕದ ಬ್ಯಾಂಕಿನವನು ಶೇ. 9 ಅಂತಾನೆ, ಆದರೆ ಉಳಿದ ಅಸಲಿನ ಮೇಲೆ ಮಾತ್ರ. ಕಂತು ಸುಮಾರು 12,455, ಒಟ್ಟು ಬಡ್ಡಿ ಸುಮಾರು 1,47,300. ಅಂದ್ರೆ ಒಂಬತ್ತು ಅಂದವನ ಹತ್ತಿರ ತಗೊಂಡರೆ ಏಳು ಅಂದವನಿಗಿಂತ ಸುಮಾರು 62,700 ರೂಪಾಯಿ ಉಳೀತು! ಆ ಫ್ಲಾಟ್ ಏಳನ್ನು ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಅದು ಶೇ. 12.5ರ ಹತ್ತಿರ ಆಗುತ್ತೆ. ನಂಬಿಕೆ ಬರದಿದ್ರೆ ಸ್ಪ್ರೆಡ್‌ಶೀಟ್ ತೆಗೆದು ನೀವೇ ಹಾಕಿ ನೋಡಿ.

ಶೋರೂಮಿನ ಆಫರ್ ಕೂಡ ಹೀಗೇ ಬಿಡಿಸಿ ನೋಡಬೇಕು. ಕಂಪನಿ ಡೀಲರ್‌ಗೆ ಮಾರಾಟದ ಟಾರ್ಗೆಟ್ ಮೇಲೆ ಇನ್ಸೆಂಟಿವ್ ಕೊಡುತ್ತೆ, ಸಾಲ ಮಾಡಿಸಿಕೊಟ್ಟರೆ ಫೈನಾನ್ಸ್‌ನವರಿಂದಲೂ ಕಮಿಷನ್ ಬರುತ್ತೆ. ಅದಕ್ಕೇ ತಿಂಗಳ ಕೊನೆಯಲ್ಲಿ ರಿಯಾಯಿತಿ ಜಾಸ್ತಿ, ಇಲ್ಲೇ ಲೋನ್ ಮಾಡಿಸಿ ಅನ್ನೋ ಒತ್ತಾಯವೂ ಜಾಸ್ತಿ. ಕಡಿಮೆ ಬಡ್ಡಿ ತಗೊಂಡರೆ ನಗದು ರಿಯಾಯಿತಿ ಹೋಗುತ್ತಾ? ಇನ್ಶೂರೆನ್ಸ್ ಹೊರಗೆ ಮಾಡಿಸಿದರೆ ಎಷ್ಟು? ಡಿಸೆಂಬರ್ ಆಫರಿನ ಕಾರನ್ನು ಮುಂದೆ ಮಾರುವಾಗ ಒಂದು ವರ್ಷ ಹಳೇದು ಅಂತ ಬೆಲೆ ಇಳಿಸ್ತಾರಾ? ಇಎಂಐ ಎಷ್ಟು ಅಂತ ಕೇಳೋ ಮುಂಚೆ ಕೊನೇ ಕಂತಿನವರೆಗೆ ಒಟ್ಟು ಎಷ್ಟು ಕೈಬಿಡುತ್ತೆ ಅಂತ ಕೇಳಬೇಕು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಸಾಲಕ್ಕೆಲ್ಲ ಮುಖ್ಯ ವಿವರಗಳ ಪತ್ರ ಕೊಡಲೇಬೇಕು. ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತೆ. ಸಹಿ ಹಾಕೋಕೆ ಮುಂಚೆ ಅದನ್ನು ಕೇಳಿ ತಗೊಳ್ಳಿ.

ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕ ಇದೆ. ಕಂತು ತಿಂಗಳಿಗೊಮ್ಮೆ ಬರುತ್ತೆ, ಕೊಬ್ಬರಿ ದುಡ್ಡು ಹಾಗೆ ಬರಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಬೇಕು, ಆಮೇಲೆ ತಿಪಟೂರು ಮಾರ್ಕೆಟ್ಟು, ಅಲ್ಲಿ ಅವತ್ತಿನ ರೇಟು. 2023ರಲ್ಲಿ ಬೆಂಬಲ ಬೆಲೆಗಿಂತಲೂ ಕೆಳಗೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ರೇಟು ಏರಿದ ವರ್ಷದ ಆದಾಯ ನೋಡಿ ಐದು ವರ್ಷದ ಕಂತಿಗೆ ಒಪ್ಪಿಕೊಂಡರೆ, ರೇಟು ಬಿದ್ದ ವರ್ಷ ಕೊಬ್ಬರಿಯನ್ನು ಅಟ್ಟದಲ್ಲಿ ಹಿಡಿದಿಟ್ಟುಕೊಳ್ಳೋ ಶಕ್ತಿಯೇ ಹೋಗುತ್ತೆ, ಸಿಕ್ಕಿದ ಬೆಲೆಗೆ ಮಾರಬೇಕಾಗುತ್ತೆ. ಅದಕ್ಕೆ ಕೃಷಿಕರಿಗೆ ಆರು ತಿಂಗಳಿಗೊಮ್ಮೆ ಕಟ್ಟೋ ಕಂತು ಇದೆಯಾ, ಮುಂಚೆಯೇ ತೀರಿಸಿದರೆ ದಂಡ ಎಷ್ಟು ಅಂತ ಕೇಳೋದು ಮುಖ್ಯ. ಅಪ್ಪ, ಚಿಕ್ಕಪ್ಪ ಶೋರೂಮಿಗೆ ಹೊರಟಾಗ ಕ್ಯಾಲ್ಕುಲೇಟರ್ ಹಿಡಿದು ಪಕ್ಕದಲ್ಲಿ ಕೂರಬೇಕಾದವರು ನಾವೇ ಅಲ್ವಾ?

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಬಂತು. ನೂರು ದಾಟಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕ ಇದೆ. ಅವರು ಹುಟ್ಟುಹಾಕಿದ ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಬೋರ್ಡು ಬದಲಾಗಿದೆ, ಆದರೆ ಬೆಂಗಳೂರಿನಲ್ಲಿ ಬಸ್ ಹತ್ತಿದವರು ಇನ್ನೂ ಮೈಸೂರು ಬ್ಯಾಂಕ್ ಸರ್ಕಲ್‌ಗೇ ಟಿಕೆಟ್ ಕೇಳ್ತಾರೆ.