ರಬ್ಬರ್ ಟ್ಯೂಬ್ ಪ್ರೊಫೆಸರ್

ಬಯೋಮೆಡಿಕಲ್ ಬ್ರಾಂಚಿನವರಿಗೆ ಬಂಡಲ್ ಆಫ್ ಹಿಸ್ ಗೊತ್ತಿರುತ್ತೆ, ಹೃದಯದೊಳಗಿನ ವೈರಿಂಗ್. ಅದು ಮಗನ ಹೆಸರು. ಇಲ್ಲಿ ಬರೀತಿರೋದು ಅಪ್ಪನ ಬಗ್ಗೆ. ಇಬ್ಬರೂ ವಿಲ್ಹೆಲ್ಮ್ ಹಿಸ್ಸೇ, ಅದಕ್ಕೇ ಗೊಂದಲ.

ಅಪ್ಪ ಹಿಸ್ ಹುಟ್ಟಿದ್ದು 1831ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. 1857ಕ್ಕೆ ಅಲ್ಲೇ ಪ್ರೊಫೆಸರ್. ಕೋಳಿಮೊಟ್ಟೆಯೊಳಗಿನ ಭ್ರೂಣ ನೋಡೋದು ಅವರ ಹುಚ್ಚು. ಭ್ರೂಣವೋ ಕೆಲವೇ ಮಿಲಿಮೀಟರ್. ಬರಿಗೈಯಲ್ಲಿ ಕೊಯ್ದರೆ ಒಂದು ಪದರ ದಪ್ಪ, ಇನ್ನೊಂದು ತೆಳು. ಅದಕ್ಕೆ ಅವರೇ ಒಂದು ಮೈಕ್ರೋಟೋಮ್ ರೂಪಿಸಿದರು. ಸಾಲಾಗಿ ಕೊಯ್ಯೋದು, ಪ್ರತಿ ಪದರದ ಚಿತ್ರ ಬರೆಯೋದು, ಮತ್ತೆ ಜೋಡಿಸಿ ದೊಡ್ಡ ಮಾದರಿ ಮಾಡೋದು. ಕಂಪ್ಯೂಟರ್ ಇಲ್ಲದ ತ್ರೀಡಿ ಮಾಡೆಲಿಂಗ್ ಅಂತೀನಿ ನಾನು!

1868ರಲ್ಲಿ ಅವರು ಪ್ರಕಟಿಸಿದ್ದು ಒಂದು ಸಣ್ಣ ಪಟ್ಟಿಯ ವಿಷಯ. ಬೆನ್ನಿನುದ್ದಕ್ಕೂ ಮಡಚಿ ಕೊಳವೆಯಾಗುವ ನರನಾಳ ಮತ್ತು ಮೇಲಿನ ಚರ್ಮ, ಇವೆರಡರ ನಡುವೆ ಸಿಕ್ಕಿಕೊಂಡಿರೋ ಕೋಶಗಳು. ಬೆನ್ನುಹುರಿ ಪಕ್ಕದ ನರಗಂಟುಗಳು ಇದರಿಂದಲೇ ಬರುತ್ತವೆ ಅಂದರು. ಈಗ ಅದಕ್ಕೆ ನ್ಯೂರಲ್ ಕ್ರೆಸ್ಟ್ ಅನ್ನುತ್ತಾರೆ.

ಈ ಕೋಶಗಳು ಹುಟ್ಟಿದ ಜಾಗದಲ್ಲಿ ಕೂರೋದಿಲ್ಲ, ವಲಸೆ ಹೊರಡುತ್ತವೆ. ಮಹಾಧಮನಿಯ ಪಕ್ಕ ನೆಲೆಸಿದವು ಸಿಂಪಥೆಟಿಕ್ ನರಕೋಶಗಳಾಗುತ್ತವೆ. ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯ ಒಳಭಾಗ ಸೇರಿದವು ರಕ್ತಕ್ಕೆ ಅಡ್ರಿನಲಿನ್ ಬಿಡುವ ಕೋಶಗಳಾಗುತ್ತವೆ. ವೈವಾ ಮುಂಚೆ ಎದೆ ಡವಡವ ಅನ್ನೋದರ ಹಿಂದೆ ಈ ದಾಯಾದಿಗಳು ಇಬ್ಬರೂ ಇದ್ದಾರೆ: ಒಬ್ಬ ವೈರ್ ಮೂಲಕ, ಇನ್ನೊಬ್ಬ ರಕ್ತದ ಮೂಲಕ.

1872ರಲ್ಲಿ ಹಿಸ್ ಲೈಪ್‌ಜಿಗ್‌ಗೆ ಹೋದರು. ಎರಡು ವರ್ಷಕ್ಕೆ ಜಗಳ ಶುರು. ಭ್ರೂಣ ಮಡಚಿಕೊಳ್ಳೋದು ಯಾಕೆ? ಹಾಳೆಯಂಥ ಪದರ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಬೆಳೆದರೆ ಬಾಗಲೇಬೇಕು ಅಂತ ಹಿಸ್ ವಾದ. ರಬ್ಬರ್ ಟ್ಯೂಬ್ ಬಾಗಿಸಿ ವಿವರಿಸಿದರು. ನಮಗಿದು ಬೆಂಡಿಂಗ್ ಸ್ಟ್ರೆಸ್, ಸಹಜ ಅನ್ಸುತ್ತೆ. ಆದರೆ ವಿಕಾಸದ ಇತಿಹಾಸವೇ ಕಾರಣ ಅನ್ನುತ್ತಿದ್ದ ಹೆಕೆಲ್ ಆ ಟ್ಯೂಬನ್ನು ಹಿಡಿದು ಗೇಲಿ ಮಾಡಿದರು. ಹಿಸ್ ಕೂಡ ಬಿಡಲಿಲ್ಲ, ಹೆಕೆಲ್‌ರ ಭ್ರೂಣಚಿತ್ರಗಳು ನಿಜಕ್ಕೆ ತಕ್ಕಂತಿಲ್ಲ ಅಂತ ಪುಸ್ತಕದಲ್ಲೇ ಹಾಕಿದರು.

1894ರಲ್ಲಿ ಸಂಗೀತಗಾರ ಬಾಖ್‌ರ ಅಸ್ಥಿ ಗುರುತಿಸಲು ಕರೆದದ್ದೂ ಇವರನ್ನೇ. 1904ರಲ್ಲಿ ತೀರಿಕೊಂಡರು.

ಕ್ರೆಸ್ಟ್ ಕೋಶಗಳ ಪೂರ್ತಿ ದಾರಿ ಅವರಿಗೆ ಕಾಣಲಿಲ್ಲ. ನಿಕೋಲ್ ಲೆ ದುವಾರಾಂ ಕ್ವೇಲ್ ಹಕ್ಕಿಯ ಕೋಶಗಳನ್ನು ಕೋಳಿಭ್ರೂಣದಲ್ಲಿ ನೆಟ್ಟು ಅವುಗಳನ್ನು ಹಿಂಬಾಲಿಸಿದ್ದು 1970ರ ದಶಕದಲ್ಲಿ. 2017ರಲ್ಲಿ ಇಲಿಗಳಲ್ಲಿ ಇನ್ನೊಂದು ವಿಷಯ ಸಿಕ್ತು: ಅಡ್ರಿನಲ್‌ನ ಆ ಕೋಶಗಳಲ್ಲಿ ಹೆಚ್ಚಿನವು ನೇರವಾಗಿ ಬರಲ್ಲ, ನರದ ತಂತುವಿಗೆ ಅಂಟಿಕೊಂಡೇ ಗ್ರಂಥಿ ತಲುಪುತ್ತವೆ.