ಅಗಾಥಾ ಕ್ರಿಸ್ಟಿ

ಮಕ್ಕಳೇ, ನಿಮಗೆ ಪತ್ತೇದಾರಿ ಕತೆಗಳು ಇಷ್ಟವಲ್ಲವೇ? ಅಂತಹ ಕತೆಗಳಿಂದ ಹೆಸರಾದ ಅಗಾಥಾ ಕ್ರಿಸ್ಟಿಯವರು 1890ರಲ್ಲಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದಲ್ಲಿ ಜನಿಸಿದರು. ಎಂಟು ವರ್ಷ ತುಂಬುವವರೆಗೆ ಮಗಳು ಓದು ಕಲಿಯಬಾರದೆಂಬುದು ತಾಯಿಯ ಎಣಿಕೆ. ಆದರೆ ಅಗಾಥಾ ಐದು ವರ್ಷದ ಹೊತ್ತಿಗೆ ತಾವಾಗಿಯೇ ಓದಲು ಕಲಿತರು! ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯಲ್ಲಿ ದುಡಿದು, ಔಷಧ ಮತ್ತು ವಿಷಗಳ ವಿಚಾರ ತಿಳಿದುಕೊಂಡರು. ಅವರ ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ಹಿಂದಿರುಗಿಸಿದರು. ಅವರು ಎದೆಗುಂದಲಿಲ್ಲ. 1920ರಲ್ಲಿ ಅದು ಅಚ್ಚಾಯಿತು.

ಆಗಿನ ಕತೆಗಳಲ್ಲಿ ಪತ್ತೇದಾರರು ಹೆಚ್ಚಾಗಿ ಗಂಡಸರೇ. ಅಗಾಥಾ 1927ರಲ್ಲಿ ಆ ಕೆಲಸವನ್ನು ಮಿಸ್ ಮಾರ್ಪಲ್ ಎಂಬ ಹಳ್ಳಿಯ ಮುದುಕಿಗೆ ಒಪ್ಪಿಸಿದರು. ಆಕೆ ಉಣ್ಣೆ ಹೆಣೆಯುತ್ತಾ ಕುಳಿತಿರುತ್ತಾಳೆ, ಯಾರೂ ಲೆಕ್ಕಿಸುವುದಿಲ್ಲ. ಆದರೆ ಎಲ್ಲವನ್ನೂ ಗಮನಿಸಿ, ಪೊಲೀಸರಿಗೂ ಬಿಡಿಸಲಾಗದ ಒಗಟನ್ನು ಬಿಡಿಸುತ್ತಾಳೆ.

ಅಗಾಥಾ 1976ರಲ್ಲಿ ತೀರಿಕೊಂಡರು. ಮಕ್ಕಳೇ, ನೀವೂ ಕಣ್ಣು ಕಿವಿ ತೆರೆದಿಡಿ, ವಯಸ್ಸಾದವರನ್ನು ಕಡೆಗಣಿಸಬೇಡಿ.